ಎರಡನೇ ಮಂಚ

ಆವತಿ
ಶನಿವಾರ, 9 ನವೆಂಬರ್ 2024

ಪ್ರೀತಿಯ ಚೈತ್ರಾ,

ಹೇಗಿದ್ದೀಯೇ? ಪಾದದ ಊತ ಇಳಿಯಿತಾ? ಒಳಗಿರುವ ಪುಟ್ಟದು ರಾತ್ರಿಯಾದರೂ ಸುಮ್ಮನಿರುತ್ತಾ, ಇಲ್ಲ ಅದಕ್ಕೂ ನಿನ್ನ ಹಾಗೆ ಕೈಕಾಲು ನಿಲ್ಲುವುದಿಲ್ಲವಾ? ಹುಬ್ಬಳ್ಳಿಯ ಖಾರಕ್ಕೆ ಎದೆ ಉರಿಯುತ್ತಿದೆ ಅಂದೆಯಂತೆ, ಊಟದ ಕೊನೆಗೆ ಮಜ್ಜಿಗೆ ಬಿಡಬೇಡ. ಕೆಂಪರಾಜ್ ಅವರು ಆಫೀಸಿನಿಂದ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದಾರಾ? ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ಪಾಪುಗೆ ಕೆಳಗಿನ ಎರಡು ಹಲ್ಲು ಬಂದಿವೆ, ಮನೆ ಮೇಲೆ ವಿಮಾನ ಹೋದಾಗಲೆಲ್ಲ ಕತ್ತೆತ್ತಿ ಸೂರು ನೋಡುತ್ತಾಳೆ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅನ್ನುತ್ತಾಳೆ. ಮೆಸೇಜ್ ಹಾಕಿದರೆ ನೀನು ಅಳುತ್ತಾ ತಕ್ಷಣ ಫೋನ್ ಮಾಡ್ತೀಯ, ಅದನ್ನು ಎತ್ತುವವಳೂ ಅಮ್ಮನೇ. ಈಗ ಅವಳು ಹಸುವಿಗೆ ಹುಲ್ಲು ಕೊಯ್ಯಲು ಹೋಗಿದ್ದಾಳೆ, ಪಾಪು ಮಲಗಿದ್ದಾಳೆ. ಒಂದು ಮಗ್ಗುಲಿಗೆ ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ ಅಂತ ನಗಬೇಡ. ನಾಳೆ ಭಾನುವಾರ ನಿಮ್ಮ ಭಾವ ಬಂದಾಗ ಅವರ ಕೈಗೆ ಕೊಡ್ತೀನಿ, ಸ್ಪೀಡ್ ಪೋಸ್ಟ್ ಮಾಡುತ್ತಾರೆ. ಓದಿ ಹರಿದುಹಾಕು.

ನನ್ನ ಬೆನ್ನಿಗೆ ಆಗಿರುವುದು ನರದ ಹಿಡಿತ ಅಲ್ಲ ಕಣೇ. ಬೆನ್ನುಮೂಳೆಯ ಮೂರು ಮಣಿಗಳು ಕುಸಿದಿವೆ. ಬಿದ್ದಿಲ್ಲ, ಗಾಡಿ ಗುದ್ದಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಪಾಪುವನ್ನು ತೊಟ್ಟಿಲಿಂದ ಎತ್ತಲು ಬಗ್ಗಿದೆ, ಅಷ್ಟೇ. ಒಣಗಿದ ಅವರೆಕಾಯಿ ಬಿಸಿಲಿಗೆ ಸಿಡಿಯುತ್ತಲ್ಲ, ಹಾಗೆ ಒಳಗೆ ಏನೋ ಸಿಡಿಯಿತು. ಉಸಿರು ಕಟ್ಟಿತು. ಮಗುವನ್ನು ಮಾತ್ರ ಕೈಬಿಡಲಿಲ್ಲ. ಅಮ್ಮ 'ನಂಜಾಗಿದೆ, ನಾನು ಹೇಳ್ಲಿಲ್ವಾ ಎದ್ದೇಳ್ಬೇಡ ಅಂತ' ಎಂದು ಬೈದು, ಮರಳು ಕಾಯಿಸಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟು, ಮೆಣಸಿನ ಕಷಾಯ ಕುಡಿಸಿ, ಮತ್ತೆ ಮಲಗಿಸಿದಳು. ದಸರಾ ಮುಗಿದರೂ ನಾನು ಎದ್ದು ಕೂರದಿದ್ದಾಗ ನಿಮ್ಮ ಭಾವ ಹೊಸಕೋಟೆಯಿಂದ ಕಾರು ತಂದು, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನ್ ಆಯಿತು, ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಪರೀಕ್ಷೆಯೂ ಆಯಿತು. ಇಪ್ಪತ್ತೇಳರ ನನ್ನ ಮೂಳೆ ಎಪ್ಪತ್ತು ದಾಟಿದ ಅಜ್ಜಿಯ ಮೂಳೆಯಂತಿದೆ. ಅಪರೂಪದ ಕಾಯಿಲೆಯಂತೆ, ಮೊದಲ ಸಲ ಹೆತ್ತು ಹಾಲು ಕೊಡುತ್ತಿರುವ ಕೆಲವರಿಗೆ ಮಾತ್ರ ಬರುವಂಥದ್ದು.

ಬಿ.ಎಸ್ಸಿ. ಓದಿದವಳಾದರೂ ಮೂಳೆ ಅಂದರೆ ಗೋಡೆಯೊಳಗಿನ ಕಂಬಿಯ ಹಾಗೆ, ಒಮ್ಮೆ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಮೂಳೆಗೆ ಜೀವವಿದೆ, ದಿನವೂ ಒಂದು ಕಡೆ ಕರಗುತ್ತಾ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಕಟ್ಟಬೇಕು ಅಂತ ಅದಕ್ಕೆ ತಿಳಿಯುವುದು ನಾವು ಅದರ ಮೇಲೆ ಹಾಕುವ ಭಾರದಿಂದ. ನಿಂತಾಗ, ನಡೆದಾಗ, ಮೆಟ್ಟಿಲು ಹತ್ತಿದಾಗ, ಸ್ನಾಯು ಎಳೆದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದಂತೆ, ಆ ಬಾಗಿದ ಜಾಗ ನೋಡಿಕೊಂಡು ಒಳಗಿನ ಕಣಗಳು ಅಲ್ಲಿಗೆ ಹೊಸ ಮೂಳೆ ತುಂಬುತ್ತವೆ. ಮಲಗಿಯೇ ಇದ್ದರೆ ಕಟ್ಟುವವರಿಗೆ ಕೆಲಸವಿಲ್ಲ, ಕರಗಿಸುವವರು ಮಾತ್ರ ಬಿಡುವುದಿಲ್ಲ. ಹೊಟ್ಟೆಯಲ್ಲಿರುವ ಮಗು ಒಂದಷ್ಟು ಕ್ಯಾಲ್ಸಿಯಂ ತೆಗೆದುಕೊಳ್ಳುತ್ತೆ, ಎದೆಹಾಲು ಇನ್ನಷ್ಟು ತೆಗೆದುಕೊಳ್ಳುತ್ತೆ, ಅದು ಎಲ್ಲ ತಾಯಂದಿರಿಗೂ ಆಗುವುದೇ, ಆಮೇಲೆ ತಾನಾಗಿ ತುಂಬಿಕೊಳ್ಳುತ್ತೆ. ನಿಮಗೆ ಹುಟ್ಟಿನಿಂದಲೇ ಸ್ವಲ್ಪ ತೆಳು ಇದ್ದಿರಬಹುದು, ಎಲ್ಲಾ ಒಂದರಿಂದಲೇ ಆಯ್ತು ಅಂತ ನಾನು ಹೇಳಲ್ಲ ಅಂದರು. ಆಮೇಲೆ ಕೇಳಿದರು, ಹೆರಿಗೆಯಾದ ಮೇಲೆ ಎಷ್ಟು ಓಡಾಡ್ತಿದ್ರಿ, ಬಿಸಿಲಿಗೆ ಬರ್ತಿದ್ರಾ, ಹಾಲು ಮೊಸರು? ನಾನು ಹೇಳುತ್ತಾ ಹೋದೆ. ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು.

ನಿನಗೆ ಗೊತ್ತಲ್ಲ ನನ್ನ ಬಾಣಂತನ. ನಾಮಕರಣಕ್ಕೆ ಬಂದಾಗ ನೀನೇ ಹೊಟ್ಟೆಕಿಚ್ಚು ಪಟ್ಟಿದ್ದೆ. ಆರನೇ ತಿಂಗಳಲ್ಲಿ ಒಂದು ದಿನ ಸ್ವಲ್ಪ ರಕ್ತ ಕಂಡಿತು ಅಂತ ಮಲಗಿಸಿದ ಅಮ್ಮ, ಅದು ನಿಂತ ಮೇಲೂ ಏಳಿಸಲಿಲ್ಲ. ಹೆರಿಗೆ ಆದಮೇಲಂತೂ ಕೇಳಬೇಡ. ಕಿಟಕಿಗೆ ಹಲಗೆ ಬಡಿದಳು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಅಪ್ಪನ ಹಳೇ ಪಂಚೆ ಸುತ್ತಿದಳು. ಹಾಲು ಮೊಸರು ಶೀತ, ಬಿಸಿಲು ಉಷ್ಣ, ನೆಲ ತಂಡಿ. ಬಚ್ಚಲಿಗೆ ಹೋಗುವಾಗಲೂ ತೋಳು ಹಿಡಿದಿರುತ್ತಿದ್ದಳು. ನೀರು ಹಾಕಲು ಬರುತ್ತಿದ್ದ ಸೊಣ್ಣಮ್ಮ 'ಏನವ್ವಾ, ನಿನ್ ಮಗಳ ಪಾದಕ್ಕೆ ನೆಲಾನೇ ಮರ್ತೋಗೈತೆ, ನಾಳೆ ಕೂಸಿನ ಜೊತೇಲೇ ಇವ್ಳಿಗೂ ನಡಿಯೋದು ಕಲಿಸ್ಬೇಕು' ಅಂತ ಗೇಲಿ ಮಾಡಿದರೆ ಅಮ್ಮನಿಗೆ ಅದು ಹೊಗಳಿಕೆಯ ಹಾಗೆ ಕೇಳುತ್ತಿತ್ತು. ಮೂರು ತಿಂಗಳ ಬಾಣಂತನ ಐದಾಯಿತು. ಹೊಸಕೋಟೆಯಿಂದ ನಮ್ಮತ್ತೆ ಫೋನ್ ಮಾಡಿ 'ಸೊಸೇನ ಕಳಿಸೋ ಯೋಚ್ನೆ ಐತಾ ಇಲ್ವಾ' ಅಂದಾಗ 'ನನ್ ಮಗಳು ಇನ್ನೂ ಹಸೀ ಮೈ' ಅಂದಳು ಅಮ್ಮ.

ಅವಳು ಯಾಕೆ ಹಾಗೆ ಮಾಡಿದಳು ಅಂತ ನಿನಗೂ ಗೊತ್ತು. ನಾನು ಹುಟ್ಟಿದಾಗ ಅಪ್ಪನ ತಾಯಿ ಅಮ್ಮಯಮ್ಮಜ್ಜಿ, ಸೂತಕದ ನೀರು ಹಾಕಿಸಿದ ಮಾರನೇ ದಿನವೇ ಅಮ್ಮನ ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರಿಸಿದ್ದರಂತಲ್ಲ. ಮನೆ ತುಂಬಾ ರೇಷ್ಮೆ ಹುಳ, ಹುಳ ಹಸಿದು ಬಾಯಿ ಬಿಟ್ಟರೆ ಬಾಣಂತಿ ಅಂತ ಯಾರು ನೋಡುತ್ತಾರೆ. ಹೊರೆ ಹೊತ್ತು ಬದುವಿನ ಮೇಲೆ ಬರುವಾಗ ಎದೆಹಾಲು ಸೋರಿ ರವಿಕೆ ನೆನೆಯುತ್ತಿತ್ತು, ಮರದ ಜೋಲಿಯಲ್ಲಿ ನಾನು ಅಳುತ್ತಿದ್ದೆ ಅಂತ ಅವಳು ಇವತ್ತಿಗೂ ಹೇಳುತ್ತಾಳೆ. ನನ್ನ ಹೆಣ್ಣುಮಕ್ಕಳ ಕಾಲು ಮಣ್ಣು ಸೋಕಬಾರದು ಅಂತ ಆವತ್ತೇ ತೀರ್ಮಾನ ಮಾಡಿದ್ದಳಂತೆ. ಆ ತೀರ್ಮಾನದ ಕೆಳಗೆ ಈಗ ನಾನು ಮಲಗಿದ್ದೇನೆ.

ಡಾಕ್ಟರ ರೂಮಿನಿಂದ ನನ್ನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ ಅಮ್ಮ ಪಾಪುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು. ಮುಖ ಇಷ್ಟೇ ಇಷ್ಟಾಗಿತ್ತು. 'ನಾನೇನಾದ್ರೂ ಕಮ್ಮಿ ಮಾಡಿದ್ನಾ ರಮ್ಯಾ' ಅಂದಳು. ನೀನಾಗಿದ್ದರೆ ಏನು ಹೇಳುತ್ತಿದ್ದೆಯೋ. 'ಇಲ್ಲಮ್ಮ, ನೀನು ಅಷ್ಟು ನೋಡ್ಕೊಂಡಿದ್ದಕ್ಕೇ ಇಷ್ಟರಲ್ಲಿ ಉಳೀತಂತೆ, ನರದ ಹಿಡಿತ ಅಷ್ಟೇ' ಅಂದುಬಿಟ್ಟೆ. ನಿಮ್ಮ ಭಾವ ನನ್ನ ಮುಖ ನೋಡಿ, ರಿಪೋರ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅಲ್ಲೇ ಮೊಗಸಾಲೆಯಲ್ಲಿ ಯಾವುದೋ ಕಂಪನಿಯವರು ಹಿಮ್ಮಡಿ ಇಟ್ಟರೆ ಮೂಳೆ ಹೇಗಿದೆ ಅಂತ ತೋರಿಸುವ ಮೆಷಿನ್ ಇಟ್ಟುಕೊಂಡು ಕೂತಿದ್ದರು. ಅಮ್ಮನಿಗೆ ಸಮಾಧಾನವಾಗಿತ್ತಲ್ಲ, ತಮಾಷೆಗೆ ಕಾಲು ಕೊಟ್ಟಳು. ಆ ಹುಡುಗಿ 'ಅಮ್ಮಾ, ನಿಮ್ ವಯಸ್ಸಿಗೆ ಇಷ್ಟು ಚೆನ್ನಾಗಿರೋದು ನಾನ್ ನೋಡೇ ಇಲ್ಲ' ಅಂದಳು. ದೇವನಹಳ್ಳಿ ದಾಟುವವರೆಗೂ ಅಮ್ಮ ಕಾರಿನಲ್ಲಿ ನಗುತ್ತಿದ್ದಳು. 'ಸೊಪ್ಪಿನ ಹೊರೆ ಹೊತ್ತಿರೋ ಮೂಳೆ ಕಣಪ್ಪಾ ಬೈರೇಶು, ನಿಮ್ ಮೆಷಿನ್‌ಗೇನ್ ಗೊತ್ತು' ಅಂತ ನಿಮ್ಮ ಭಾವನಿಗೆ ಹೇಳುತ್ತಾ. ಹಿಂದಿನ ಸೀಟಿನಲ್ಲಿ ಮಲಗಿ ಕಾರಿನ ಮೇಲ್ಛಾವಣಿ ನೋಡುತ್ತಾ ನಾನು ಅಳುತ್ತಿದ್ದೆ, ನೋವು ಜಾಸ್ತಿ ಅಂತ ಅವಳು ಅಂದುಕೊಂಡಳು. ಅವಳೇ ಹೇಳಿದಳು ನೋಡು ಚೈತ್ರಾ, ತನ್ನ ಬಾಯಲ್ಲೇ. ಅವಳಿಗೆ ಮಾತ್ರ ಗೊತ್ತಾಗಲಿಲ್ಲ.

ಆ ಒಂದು ಸುಳ್ಳಿನಿಂದ ಈಗ ನನಗೆ ಎರಡನೇ ಬಾಣಂತನ ನಡೆಯುತ್ತಿದೆ. ಡಾಕ್ಟರಮ್ಮ ಹೇಳಿದ್ದು, ಹಾಲು ಬಿಡಿಸಿ, ಮಾತ್ರೆ ತಗೊಳ್ಳಿ, ಮುಂದಕ್ಕೆ ಬಗ್ಗಬೇಡಿ, ಭಾರ ಎತ್ತಬೇಡಿ, ಆದರೆ ಹಾಸಿಗೆ ಬಿಡಿ, ಬೆಲ್ಟ್ ಹಾಕಿಕೊಂಡು ಬೆಳಗಿನ ಬಿಸಿಲಲ್ಲಿ ನಡೆಯಿರಿ, ದಿನದಿನಕ್ಕೆ ಸ್ವಲ್ಪ ಜಾಸ್ತಿ, ಅದು ಮಾತ್ರೆಯಷ್ಟೇ ಮುಖ್ಯ ಅಂತ. ಮಾತ್ರೆ ನುಂಗುತ್ತಿದ್ದೇನೆ. ನಡೆಯುವುದು ಎಲ್ಲಿ? ಮೊನ್ನೆ ಅಮ್ಮ ಹಾಲು ಕರೆಯಲು ಹೋದಾಗ ಗೋಡೆ ಹಿಡಿದು ನಿಂತಿದ್ದೆ, ಹಿಮ್ಮಡಿ ಎತ್ತಿ ಇಳಿಸುವುದನ್ನು ಹೇಳಿಕೊಟ್ಟಿದ್ದರಲ್ಲ, ಅದನ್ನು ಮಾಡುತ್ತಿದ್ದೆ. ಬಾಗಿಲಲ್ಲಿ ನೋಡಿದವಳೇ ಬಕೆಟ್ ಅಲ್ಲೇ ಬಿಟ್ಟು ಬಂದಳು. 'ಏನೇ ಇದು, ಸಾಯೋಕೆ ನೋಡ್ತಿದ್ದೀಯಾ? ಅಷ್ಟು ಕಷ್ಟ ಬಿದ್ದು ಉಳಿಸ್ಕೊಂಡಿದ್ದೀನಲ್ಲೇ, ನನ್ನಾಣೆ ಇನ್ನೊಂದ್ ಸಲ ಎದ್ರೆ.' ಅತ್ತಳು. ನಡೆಯಲೇಬೇಕು ಅಂತ ಹೇಳಬೇಕಾದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ ಅವಳು ಉಳಿಯುವುದಿಲ್ಲ. ಹೇಳದಿದ್ದರೆ ನನ್ನ ನಾಲ್ಕನೇ ಮಣಿ ಯಾವತ್ತು ಕುಸಿಯುತ್ತೋ. ರಾತ್ರಿಯೆಲ್ಲ ಇದೇ ಯೋಚನೆ ತಿರುಗುತ್ತೆ, ಮಗ್ಗುಲು ತಿರುಗಲೂ ಭಯ. ಹೋದ ವಾರ ಅಮ್ಮ ನನ್ನ ನೈಟಿ ನೋಡಿ 'ಒಗೆದೂ ಒಗೆದೂ ಉದ್ದ ಬಿಟ್ಕೊಂಡೈತೆ, ಕಾಲಿಗೆ ಸಿಕ್ಕಿ ಬಿದ್ದೀಯಾ' ಅಂತ ಅಂಚು ಮಡಚಿ ಹೊಲಿಯಲು ಕೂತಳು. ಬಟ್ಟೆ ಎಲ್ಲಾದರೂ ಬೆಳೆಯುತ್ತಾ? ನಾನು ಗಿಡ್ಡ ಆಗಿದ್ದೇನೆ ಕಣೇ. ಸೂಜಿಗೆ ದಾರ ಪೋಣಿಸಿಕೊಡು ಅಂದಳು, ಪೋಣಿಸಿಕೊಟ್ಟೆ.

ಪಾಪು ಮೊದಲು ನನ್ನ ಕಡೆ ಕೈ ಚಾಚುತ್ತಿದ್ದಳು. ಎತ್ತಿಕೊಳ್ಳಲು ಆಗದೆ ನಾನು ಬೆರಳು ಕೊಡುತ್ತಿದ್ದೆ. ಈಗ ಚಾಚುವುದಿಲ್ಲ. ನನ್ನನ್ನು ನೋಡಿ ನಗುತ್ತಾಳೆ, ಗೋಡೆಗೆ ಹಾಕಿರುವ ಫೋಟೋ ನೋಡಿ ನಕ್ಕ ಹಾಗೆ, ನಕ್ಕು ಅಮ್ಮನ ಕಡೆ ತಿರುಗಿ ಕೈ ಎತ್ತುತ್ತಾಳೆ. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಬರೆಯಲಾರೆ.

ಇಷ್ಟೂ ಈಗ ನಿನಗೆ ಯಾಕೆ ಬರೆದೆ ಅಂದರೆ, ನನ್ನ ಪಕ್ಕದಲ್ಲಿ ಎರಡನೇ ಮಂಚ ಬಂದಿದೆ. ಮೊನ್ನೆ ಅಪ್ಪನ ಕೈಲಿ ಇಲ್ಲೇ ಪಕ್ಕದ ವಿಜಯಪುರದಿಂದ ತರಿಸಿದಳು, ನಿನಗೆ. ಹೊಸ ಹಾಸಿಗೆ, ಹೊಸ ಕಂಬಳಿ. ಕಿಟಕಿಯ ಹಲಗೆ ಸಡಿಲವಾಗಿತ್ತು ಅಂತ ಮತ್ತೆ ಮೊಳೆ ಹೊಡೆಸಿದ್ದಾಳೆ. 'ಇವಳ್ದು ಬಂದ ದಿನದಿಂದ್ಲೇ ಸರಿಯಾಗಿ ಮಾಡ್ಬೇಕು, ನಿನ್ನ ಮಲಗಿಸಿದ್ದು ತಡವಾಯ್ತು' ಅನ್ನುತ್ತಾಳೆ. ನೀನು ಫೋನಿನಲ್ಲಿ ದೇವನಹಳ್ಳಿ ಚಕ್ಕೋತ ತಿನ್ನಬೇಕು ಅನಿಸ್ತಿದೆ ಅಂದಿದ್ದೇ ತಡ, ಬಸುರಿ ಬಯಕೆಗೆ ಇಲ್ಲ ಅಂದರೆ ಮಗುವಿನ ಕಿವಿ ಸೋರುತ್ತೆ ಅಂತ ಅಪ್ಪನನ್ನು ಊರೂರು ಅಲೆಸಿ ಹಣ್ಣು ಹುಡುಕಿಸಿ ರೈಲಿಗೆ ಹಾಕಿಸಿದವಳು ಅವಳು. ಅಂಥವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ನೀನು ಮಲಗಬೇಡ. ನಿನ್ನ ಡಾಕ್ಟರನ್ನು ಕೇಳು, ಅಕ್ಕನಿಗೆ ಹೀಗಾಗಿದೆ ಅಂತ ತಪ್ಪದೆ ಹೇಳು, ನಮ್ಮಿಬ್ಬರದೂ ಒಂದೇ ರಕ್ತ. ಅವರು ಸರಿ ಅಂದರೆ ದಿನಾ ನಡಿ, ಹಾಲು ಮೊಸರು ರಾಗಿ ಬಿಡಬೇಡ, ಬಿಸಿಲಿಗೆ ಮುಖ ಕೊಡು. ನಮ್ಮನೇಲಿ ಒಮ್ಮೆ ಮಲಗಿದವಳನ್ನು ಯಾರೂ ಏಳಿಸುವುದಿಲ್ಲ.

ಹುಲ್ಲಿನ ಹೊರೆ ಅಂಗಳಕ್ಕೆ ಬಿದ್ದ ಸದ್ದಾಯಿತು, ಅಮ್ಮ ಬಂದಳು. ಕೆಂಪರಾಜ್ ಅವರಿಗೂ ನಿಮ್ಮತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ನೀನೂ ನಿನ್ನ ಹೊಟ್ಟೆಯಲ್ಲಿರುವ ಕೂಸೂ ಗಟ್ಟಿಯಾಗಿರಿ, ಅಷ್ಟೇ ನಾನು ಬೇಡಿಕೊಳ್ಳುವುದು.

ನಿನ್ನ ಅಕ್ಕ,
ರಮ್ಯ

ಇನ್ನೊಂದು ಮಾತು: ಅಮ್ಮ ಈಗಷ್ಟೇ ಹೇಳಿ ಕೊಟ್ಟಿಗೆಗೆ ಹೋದಳು, ದಿನ ನೋಡಿಸಿದ್ದಾರಂತೆ, ಇದೇ ಇಪ್ಪತ್ತನೇ ತಾರೀಕು ನಿನ್ನನ್ನು ಕರೆದುಕೊಂಡು ಬರ್ತಾರಂತೆ. ಬಾಗಿಲಲ್ಲಿ ಆರತಿ ಎತ್ತಿದ ಕೂಡಲೇ, ತಟ್ಟೆ ಇನ್ನೂ ಅವಳ ಕೈಲಿರುವಾಗಲೇ, ನನಗೊಂದು ಬಯಕೆ ಅನ್ನು. ದಿನಾ ಬೆಳಿಗ್ಗೆ ಆವತಿ ಬೆಟ್ಟದ ಬುಡದವರೆಗೆ ಅಕ್ಕನ ಕೈ ಹಿಡ್ಕೊಂಡು ನಡೀಬೇಕು ಅನ್ನಿಸ್ತಿದೆ, ಅಕ್ಕ ಬರದಿದ್ರೆ ನಾನೂ ಹೋಗಲ್ಲ ಅನ್ನು. ನಾನು ಕೇಳಿದರೆ ಆಣೆ ಹಾಕುತ್ತಾಳೆ. ಬಯಕೆ ಅಂದರೆ ಇಲ್ಲ ಅನ್ನುವ ಧೈರ್ಯ ಅವಳಿಗಿಲ್ಲ. ಬೇರೆ ಏನನ್ನೂ ಹೇಳಬೇಡ. ಎಷ್ಟೇ ಸುಸ್ತಾಗಿರಲಿ, ಅವಳು ಹೂಂ ಅನ್ನುವ ತನಕ ಆ ಮಂಚದ ಮೇಲೆ ಕೂರಬೇಡ ಕಣೇ.