ಸಯೋಮಿಯ ಕೊನೆಯ ಕೂಗು

ನವೆಂಬರ್ 8, ಶನಿವಾರ

ಇವತ್ತು ಸಯೋಮಿಯನ್ನು ಕೊಂದರು. ನನ್ನ ಗಂಟಲು ಇನ್ನೂ ಉರಿಯುತ್ತಿದೆ.

ಕುಂದಾಪುರದ ಈ ಕೋಣೆಯಲ್ಲಿ ದನಿ ಮಾರ್ದನಿಸದಂತೆ ಗೋಡೆಗೆ ಕಂಬಳಿ ತೂಗುಹಾಕಿಕೊಂಡು, ಒಂದು ಜಪಾನಿ ಕಾದಾಟದ ಆನಿಮೆ ಕಾರ್ಟೂನ್ ಸರಣಿಯಲ್ಲಿ ಸಯೋಮಿ ಎಂಬ ಪಾತ್ರಕ್ಕೆ ಕನ್ನಡದ ದನಿ ಕೊಡುತ್ತ ಬಂದವಳು ನಾನು. ಮೊದಮೊದಲು ಒಬ್ಬಳೇ ನಿಂತು ಶತ್ರುಗಳ ಹಲ್ಲು ಉದುರಿಸುತ್ತಿದ್ದಳು. ನಾಯಕನಿಗೆ ಗೆಳೆಯರು ಹೆಚ್ಚಿದಂತೆ ಅವಳನ್ನು ಬಂಡೆಯ ಮೇಲೆ ನಿಲ್ಲಿಸಿ, ಅವನ ಕಾದಾಟ ನೋಡಿ ‘ಅಬ್ಬಾ, ಎಂಥ ಶಕ್ತಿ!’ ಎನ್ನಿಸಿದರು. ವರ್ಷಗಟ್ಟಲೆ ಅದೊಂದೇ ಮಾತು. ಈಗ ಹೊಸ ಖಳ ಎಷ್ಟು ಬಲಶಾಲಿ ಎಂದು ತೋರಿಸಲು ಅವಳ ಪಕ್ಕೆಲುಬು ಪುಡಿ ಮಾಡಿ, ಕತ್ತು ಮುರಿದು ಎಸೆದರು. ಇಷ್ಟು ಜನರನ್ನು ಹುಟ್ಟಿಸಿದ ಕತೆಗಾರನ ಬಳಿ ಅವರಿಗೆ ಕೊಡಲು ಬೇರೆ ಕೆಲಸವೇ ಇರಲಿಲ್ಲವೇ?

ಅವಳ ಸಾವಿನ ದನಿ ಮುದ್ರಿಸುವಾಗ ಸಿಟ್ಟು ತಡೆಯದೆ ಪ್ರಾಣ ಹೋಗುವ ಹಾಗೆ ಕಿರುಚಿದೆ. ಬಾಗಿಲು ದಡಾರನೆ ತೆರೆಯಿತು. ಪಕ್ಕದ ಮನೆಯ ಸುಗುಣಕ್ಕ. ಕೈಯಲ್ಲಿ ಮೀನು ಕೊಯ್ಯುವ ಕತ್ತಿ, ಮೊಣಕೈವರೆಗೆ ಬಂಗುಡೆಯ ರಕ್ತ.

“ಯಾರೆ ಹೊಡ್ದದ್ ನಿಂಗೆ? ಎಲ್ಲಿದ್ದ ಅಂವ? ಕಡ್ದ್ ಹಾಕ್ತೆ!”

ಲ್ಯಾಪ್‌ಟಾಪಿನಲ್ಲಿ ದೃಶ್ಯ ತೋರಿಸಿದೆ. ಕತ್ತಿ ಕೆಳಗಿಡದೆಯೇ ನೋಡಿದರು.

“ಇದ್ ಎಂತಕ್ ಸುಮ್ನೆ ಪೆಟ್ಟ್ ತಿಂಬುದ್? ಸಾಯು ಮೊದ್ಲ್ ತಿರ್ಗ್ಸಿ ಒಂದ್ ಕೊಡ್ಕಲ್ದಾ?”

ಅವರು ಹೋದ ಮೇಲೆ ಆ ಚೀತ್ಕಾರ ಅಳಿಸಿದೆ. ಚಿತ್ರದಲ್ಲಿ ಸಯೋಮಿಯ ಕೈ ಏಳುವುದಿಲ್ಲ, ಅದನ್ನು ನಾನು ಬದಲಿಸಲಾರೆ. ಬಾಯಿ ಮಾತ್ರ ತೆರೆಯುತ್ತದೆ. ಆ ಬಾಯಿಗೆ, ಕತ್ತಿ ಹಿಡಿದು ಒಳನುಗ್ಗಿದ ಸುಗುಣಕ್ಕನ ‘ಕಡ್ದ್ ಹಾಕ್ತೆ!’ ಎಂಬ ಕೂಗನ್ನು ನನ್ನ ದನಿಯಲ್ಲಿ ಹಾಕಿದೆ.

ಖಳ ಒಂದು ಹೆಜ್ಜೆ ಹಿಂದೆ ಸರಿಯುವುದು ಚಿತ್ರದಲ್ಲಿ ಮೊದಲೇ ಇತ್ತು. ಈಗ ಅದಕ್ಕೊಂದು ಕಾರಣವಿದೆ.