ನರ್ಮದೆಯ ದಂಡೆಯ ಕೋಡು

ಧರಮಪೇಠ, ನಾಗಪುರ
೨೦ ಜನವರಿ ೧೯೫೫

ನನ್ನ ಅವ್ವನಿಗೆ ವನಜಾಕ್ಷಿಯ ನಮಸ್ಕಾರ.

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಹುಬ್ಬಳ್ಳಿಗೆ, ಗಂಡನ ಮನೆಗೆ, ಯಾವಾಗ ಹೊರಡುತ್ತೀ ಎಂದು ಕೇಳಿದ್ದೀ. ಅದಿರಲಿ, ಮೊದಲು ಎಮ್ಮೆಯ ಸುದ್ದಿ ಹೇಳುತ್ತೇನೆ. ನಿನಗೂ ಅಳಿಯನಿಗಿಂತ ಎಮ್ಮೆಯ ಸುದ್ದಿಯೇ ಇಷ್ಟ.

ಉಮಾಪತಿ ಅಣ್ಣ ನನ್ನನ್ನು ಇಲ್ಲಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಸಂಗ್ರಹಾಲಯಕ್ಕೆ ಸೇರಿಸಿದ್ದು ನಿನಗೆ ಗೊತ್ತು. ಎಲುಬು, ತಲೆಬುರುಡೆಗಳ ಧೂಳು ಒರೆಸಿ ಹೆಸರಿನ ಚೀಟಿ ಬರೆಯುವ ಕೆಲಸ. ಆರು ತಿಂಗಳ ಮಟ್ಟಿಗೆ ಮಾತ್ರ ಎಂದಿದ್ದರು. ಕಳೆದ ತಿಂಗಳು ನರ್ಮದಾ ನದಿಯ ದಂಡೆಯಿಂದ ಕಲ್ಲಾಗಿ ಹೋದ ಕೋಡೊಂದು ಬಂತು. ಎರಡು ಮೊಳ ಉದ್ದ, ಎತ್ತಲು ಇಬ್ಬರು ಬೇಕು. ನಮ್ಮ ಮುಖ್ಯಸ್ಥರಾದ ಪಾಂಡುರಂಗ ಸರ್ ಅದನ್ನು ಕಾಟಿಯದು ಎಂದು ಪಟ್ಟಿಯಲ್ಲಿ ಬರೆದರು. ಖಾನಾಪುರದ ಅಡವಿಯಲ್ಲಿ ನಾವು ಕಾಡುಕೋಣ ಅನ್ನುತ್ತೇವಲ್ಲ, ಅದೇ ಕಾಟಿ. ಹೆಸರಿಗಷ್ಟೇ ಕೋಣ, ಹುಟ್ಟು ದನದ ಕುಲದ್ದು.

ಧೂಳು ಒರೆಸುವಾಗ ನನ್ನ ಅಂಗೈಗೆ ಏನೋ ಬೇರೆ ಅನಿಸಿತು. ಕಾಟಿಯ ಕೋಡು ದುಂಡಗೆ. ಇದಕ್ಕೆ ಮೂರು ಏಣು, ಒಂದು ಮಗ್ಗುಲು ಚಪ್ಪಟೆ. ನೀನು ಹಿಂಡುವಾಗ ಒದೆಯದಿರಲೆಂದು ನಾನು ಎಷ್ಟು ವರ್ಷ ಎಮ್ಮೆಯ ಕೋಡು ಹಿಡಿದು ನಿಂತಿಲ್ಲ!

ಅಣ್ಣನಿಗೆ ಹೇಳಿದೆ. “ಸುಮ್ನಿರು ತಂಗಿ. ದೊಡ್ಡವರಿಗೆ ಎದುರು ಮಾತಾಡಿ ನೌಕರಿ ಕಳ್ಕೊಂಡ್ರ ಏನು ಮಾಡ್ತಿ?” ಎಂದ. ಮೂರು ದಿನ ಸುಮ್ಮನಿದ್ದೆ. ಪಟ್ಟಿ ಅಚ್ಚಿಗೆ ಹೋಗುವ ದಿನ ತಡೆಯಲಾಗಲಿಲ್ಲ. “ಸರ್, ಇದು ಎಮ್ಮೆಯದು” ಎಂದುಬಿಟ್ಟೆ.

ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಪುಸ್ತಕದಲ್ಲಲ್ಲ, ನಮ್ಮವ್ವನ ಕೊಟ್ಟಿಗೆಯಲ್ಲಿ ಎಂದೆ. ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ಕಪಾಟುಗಳ ಹಿಂದೆ ಹೋಗಿ ಅತ್ತೆ.

ಸಂಜೆ ಸರ್ ಒಂದು ಮೆತ್ತನೆಯ ತಂತಿ ಹಿಡಿದು ಬಂದು, “ಚಲಾ, ಎಮ್ಮೆ ತೋರಿಸು ನಡಿ” ಎಂದರು. ನಮ್ಮ ಮನೆಯ ಹಿಂದಿನ ಗೌಳಿ ದತ್ತುವಿನ ಎಮ್ಮೆ ಕಟ್ಟುವ ಜಾಗಕ್ಕೆ ಕರೆದುಕೊಂಡು ಹೋದೆ. ಕೋಡಿಗೆ ತಂತಿ ಸುತ್ತಿ, ಬಿಚ್ಚಿ, ಅದೇ ಆಕಾರವನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆದರು. ಎಮ್ಮೆ ಅವರ ಕೋಟಿಗೆ ಮೂಗು ಒರೆಸಿತು. ದತ್ತು ಬಿದ್ದು ಬಿದ್ದು ನಕ್ಕ. ಮರುದಿನ ಕಲ್ಲಿನ ಕೋಡಿನ ಗೆರೆಯನ್ನು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿ, ಎಲ್ಲರ ಮುಂದೆ, “ಬರೋಬರ್ ಆಹೆ ಬಾಈ. ಚೂಕ್ ಮಾಝೀ” ಎಂದರು. ಅಷ್ಟು ದೊಡ್ಡವರು ತಪ್ಪು ನನ್ನದು ಎಂದದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ಕೇಳಿದೆ, ಅವ್ವ.

ಆಮೇಲೆ ನಿಜವಾದ ಎಮ್ಮೆಗಳ ವಂಶವನ್ನು ಬಿಡಿಸಿ ಹೇಳಿದರು. ಹಿಮಾಲಯದ ತಪ್ಪಲಿನಲ್ಲಿ ಲಕ್ಷಾಂತರ ವರ್ಷ ಹಳೆಯ ಎಮ್ಮೆಗಳ ಎಲುಬು ಸಿಕ್ಕಿವೆಯಂತೆ. ನರ್ಮದೆಯದು ನಮ್ಮ ಎಮ್ಮೆಯ ಹಳೆಯ ನೆಂಟ, ಈಗ ಇಲ್ಲ. ಕಾಡೆಮ್ಮೆಗಳು ಬಸ್ತರದ ಅಡವಿಯಲ್ಲಿ ಇಂದಿಗೂ ಇವೆ. ಮೂಡಣ ಸಮುದ್ರದ ದ್ವೀಪವೊಂದರಲ್ಲಿ ನಿನ್ನ ಸೊಂಟದಷ್ಟೇ ಎತ್ತರದ ಎಮ್ಮೆ ಇದೆಯಂತೆ! ಕೆಲವು ಪಂಡಿತರು ಅದನ್ನು ಬೇರೆ ಕುಲ ಅನ್ನುತ್ತಾರೆ. ಒಂದೇ ಮನೆಯದು ಅನ್ನುವುದು ಸರ್ ಅವರ ವಾದ. ಆಫ್ರಿಕದ ಎಮ್ಮೆ ಬಹಳ ಹಿಂದೆಯೇ ಬೇರೆಯಾದ ಕವಲು. ಅಮೆರಿಕದ್ದನ್ನು ಎಮ್ಮೆ ಎಂದು ಕರೆಯುತ್ತಾರೆ, ಅದು ಎಮ್ಮೆಯೇ ಅಲ್ಲ.

ಪಟ್ಟಿ ತಿದ್ದಿ ಅಚ್ಚಿಗೆ ಹೋಯಿತು. ನಿನ್ನೆ ನನ್ನ ಕೆಲಸ ಕಾಯಂ ಆದ ಕಾಗದ ಬಂತು. ಅಣ್ಣ ಪೇಢೆ ತಂದು ಓಣಿಗೆಲ್ಲ ಹಂಚಿದ. ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ, ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ನಿನ್ನ ಮಗಳು
ವನಜಾ

ತಾ.ಕ.: ಕೋಡನ್ನು ಗುರುತಿಸಿದವರ ಹೆಸರೂ ಪಟ್ಟಿಯಲ್ಲಿ ಅಚ್ಚಾಗುತ್ತದೆ. ಇಲ್ಲಿ ಹೆಸರಿನ ಮುಂದೆ ಗಂಡನ ಹೆಸರು ಸೇರಿಸುವುದು ರೂಢಿ. ಗುಮಾಸ್ತರು ಕೇಳಿದಾಗ ನಾನು “ಕಾಶಿಬಾಯಿ” ಎಂದು ನಿನ್ನ ಹೆಸರು ಕೊಟ್ಟೆ. ಹಾಗೆಯೇ ಬರೆದುಕೊಂಡರು. ನಾನು ಹುಬ್ಬಳ್ಳಿಗೆ ಹೋಗುವುದಿಲ್ಲ, ಅವ್ವ. ನಿನ್ನ ಅಳಿಯ ನನ್ನನ್ನು ಹೊಡೆಯುತ್ತಿದ್ದರು, ನೀನು ನೊಂದುಕೊಳ್ಳುತ್ತೀ ಎಂದು ಎರಡು ವರ್ಷ ಮುಚ್ಚಿಟ್ಟೆ. ಅಣ್ಣ ತನ್ನ ರೈಲ್ವೆ ನೌಕರಿಯ ಪಾಸು ಕಳಿಸುತ್ತಾನೆ. ಬಯ್ಯುವುದಿದ್ದರೆ ಇಲ್ಲಿಗೇ ಬಂದು ಬಯ್ಯಿ.