ತಂದೂರಿಗೆ ಒಂದಿಷ್ಟು ಜಾಗ

ನಮ್ಮ ಮಹಲ್ಲಾದ, ಅಂದರೆ ಕೇರಿಯ, ಹಿರಿಯರಾದ ಹೋಶಿಮ್‌ಜಾನ್ ಅಣ್ಣನವರಿಗೆ ಜುಲೈಖೋ ಮಾಡುವ ಸಲಾಮುಗಳು.

ತಾಷ್ಕೆಂಟಿನ ನಮ್ಮ ಹಳೆಯ ಓಣಿಯನ್ನು ಕೆಡವಿ, ಎಲ್ಲರನ್ನೂ ಈ ಕಟ್ಟಡದ ಬೇರೆ ಬೇರೆ ಮಹಡಿಗಳಿಗೆ, ಗುರುತಿಲ್ಲದವರ ನಡುವೆ ಹಂಚಿದ ಮೇಲೆ ನೀವು ಈ ಕಡೆ ಬಂದಿಲ್ಲ. ಮನೆ ಚೆನ್ನಾಗಿದೆ, ನಲ್ಲಿಯಲ್ಲಿ ಬಿಸಿನೀರೂ ಬರುತ್ತದೆ. ದೂರು ಹೇಳಲು ಬರೆಯುತ್ತಿಲ್ಲ.

ಏಳನೆಯ ಮಹಡಿಯ ಸನೋಬರ್ ತೀರಿಕೊಂಡಳು. ಓಣಿಯಲ್ಲಿ ನಾವಿಬ್ಬರೂ ಒಂದೇ ತಂದೂರಿನಲ್ಲಿ ರೊಟ್ಟಿ ಸುಡುತ್ತಿದ್ದೆವು. ಇಲ್ಲಿ ಲಿಫ್ಟ್ ಕೆಟ್ಟು ನಿಂತಿದೆ. ನನ್ನ ಮಂಡಿಗಳು ಅಷ್ಟು ಮೆಟ್ಟಿಲು ಹತ್ತಲಾರವು. ಅವಳು ಹೋದದ್ದು ಎಷ್ಟೋ ದಿನ ಯಾರಿಗೂ ತಿಳಿಯಲಿಲ್ಲ. ಹೆಣ ಇಳಿಸುವಾಗ ಪಕ್ಕದ ಮನೆಯವನೇ ಬಾಗಿಲು ತೆರೆದು, "ಯಾರು ಹೋಗಿದ್ದು?" ಅಂತ ಕೇಳಿದನಂತೆ.

ಮರುದಿನ ಅವಳ ಹೆಸರಿನಲ್ಲಿ ಪಲಾವ್ ಮಾಡಿ ನನ್ನ ಎದುರು ಮನೆಯ ಬಾಗಿಲು ತಟ್ಟಿದೆ.

"ಏನೂ ಬೇಡ, ಮುಂದೆ ಹೋಗಿ" ಎಂದು ಒಳಗಿನಿಂದ ಹೆಣ್ಣುದನಿ ಬಂತು.

"ಮಾರೋಕೆ ಬಂದಿಲ್ಲ ಕಣೇ, ಎದುರು ಮನೆಯವಳು ನಾನು" ಅಂದೆ.

ಬಾಗಿಲು ತೆರೆದವಳ ಸೊಂಟದ ಮೇಲೆ ಕೂಸಿತ್ತು. ಹೆಸರು ಮೊಹಿಚೆಹ್ರಾ, ಗಂಡ ರಷ್ಯಾದಲ್ಲಿ ದುಡಿಯುತ್ತಾನೆ. "ಇಲ್ಲಿಗೆ ಬಂದ್ಮೇಲೆ ಈ ಬಾಗಿಲು ತಟ್ಟಿದೋರು ನೀವೇ ಮೊದಲು, ಅಜ್ಜಿ" ಅಂದವಳೇ ತಟ್ಟೆ ಹಿಡಿದುಕೊಂಡು ಅತ್ತಳು.

ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಒಂದು ತಂದೂರು ಕಟ್ಟಲು ಅನುಮತಿ ಕೊಡಿಸಿ ಅಣ್ಣ. ಮಣ್ಣು ನಾನೇ ಕಲಸುತ್ತೇನೆ. ರೊಟ್ಟಿಯ ವಾಸನೆಗಾದರೂ ಜನ ಕೆಳಗಿಳಿದು ಬರುತ್ತಾರೆ.

ಅನುಮತಿ ಬರುವುದು ತಡವಾದೀತೆಂದು, ನನ್ನ ಮನೆಯ ಇನ್ನೊಂದು ಬೀಗದ ಕೈಯನ್ನು ಮೊಹಿಚೆಹ್ರಾಳಿಗೆ ಕೊಟ್ಟಿದ್ದೇನೆ. ಬೆಳಗ್ಗೆ ನನ್ನ ಸದ್ದು ಕೇಳಿಸದಿದ್ದರೆ ಒಳಗೆ ಬಾ ಎಂದು ಹೇಳಿದ್ದೇನೆ.

ಇತಿ,
ನಿಮ್ಮ ಓಣಿಯವಳು,
ಜುಲೈಖೋ